ಪಾಕ ಬಲ್ಲವರ ಅಂಗಡಿ

ಬನ್ನೂರಿನ ಕಡೆಯವರು ಜವಳಿಗೋ ಆಸ್ಪತ್ರೆಗೋ ಮೈಸೂರಿಗೆ ಹೋದರೆ ಬರಿಗೈಯಲ್ಲಿ ಊರಿಗೆ ಮರಳುವುದಿಲ್ಲ. ಸಂಜೆಯ ಬಸ್ಸಿನಲ್ಲಿ ಯಾರದೋ ಚೀಲದಿಂದ ತುಪ್ಪದ ಘಮ ಬಂದರೆ ಸಾಕು, ಆ ಪೊಟ್ಟಣ ಎಲ್ಲಿಯದೆಂದು ಪಕ್ಕದವರಿಗೆ ಗೊತ್ತಾಗಿಬಿಡುತ್ತದೆ.

ಸಯ್ಯಾಜಿರಾವ್ ರಸ್ತೆಗೆ ಮುಖಮಾಡಿದ ದೇವರಾಜ ಮಾರುಕಟ್ಟೆಯ ಮಳಿಗೆ ಸಾಲಿನಲ್ಲಿದೆ ಗುರು ಸ್ವೀಟ್ ಮಾರ್ಟ್. ದಸರೆಯ ಜಂಬೂಸವಾರಿ ಸಾಗುವುದು ಇದೇ ರಸ್ತೆಯಲ್ಲಿ. ಪುಟ್ಟ ಅಂಗಡಿ, ಕುರ್ಚಿ, ಮೇಜುಗಳ ಉಪಚಾರವಿಲ್ಲ, ನಿಂತೇ ಕೊಳ್ಳಬೇಕು. ನಡೆಸುತ್ತಿರುವವರು ಕಾಕಾಸುರ ಮಾದಪ್ಪನವರ ವಂಶಸ್ಥರು.

ಮಾದಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಬಾಣಸಿಗರು. ಒಂದು ದಿನ ದೊರೆಯ ಊಟಕ್ಕೆಂದು ಕಡಲೆಹಿಟ್ಟು, ತುಪ್ಪ, ಸಕ್ಕರೆ ಸೇರಿಸಿ ಹೊಸತೊಂದು ಸಿಹಿ ಮಾಡಿದರಂತೆ. ಹೆಸರೇನೆಂದು ದೊರೆ ಕೇಳಿದಾಗ, ಥಟ್ಟನೆ ಹೊಳೆದ ಮಾತು ‘ಮೈಸೂರು ಪಾಕ’. ಮನೆತನದಲ್ಲಿ ಉಳಿದುಬಂದ ಕತೆ ಇದು. ಅರಮನೆಯ ಸಿಹಿ ಊರ ಜನಕ್ಕೂ ಸಿಗಲೆಂದು ಅಶೋಕ ರಸ್ತೆಯಲ್ಲಿ ದೇಶಿಕೇಂದ್ರ ಸ್ವೀಟ್ಸ್ ಶುರುವಾಯಿತು. ಈಗಿನ ಅಂಗಡಿ ಅದರ ಮುಂದುವರಿಕೆ.

ಸಾಮಾನು ಮೂರೇ. ಕಷ್ಟವಿರುವುದು ಹದದಲ್ಲಿ. ಸಕ್ಕರೆ ಕುದಿದು ಎಳೆ ಪಾಕ ಬಂದಾಗ ಜರಡಿ ಹಿಡಿದ ಕಡಲೆಹಿಟ್ಟನ್ನು ಗಂಟಾಗದಂತೆ ಉದುರಿಸಬೇಕು. ಪಕ್ಕದ ಒಲೆಯ ಮೇಲೆ ಕಾದಿರುವ ತುಪ್ಪವನ್ನು ಸೌಟು ಸೌಟಾಗಿ ಹುಯ್ಯಬೇಕು. ಪ್ರತಿ ಸೌಟಿಗೂ ಬಾಣಲೆಯ ಹಿಟ್ಟು ಚೊರ್ರೆಂದು ಉಬ್ಬಿ ನೊರೆಯೇಳುತ್ತದೆ. ಕೈ ನಿಲ್ಲುವಂತಿಲ್ಲ. ಹಿಟ್ಟು ತಳ ಬಿಟ್ಟು ತುಪ್ಪ ಅಂಚಿಗೆ ಒಸರುವ ಗಳಿಗೆ ತಪ್ಪಿದರೆ ಇಡೀ ಬಾಣಲೆ ಕಲ್ಲಾಗುತ್ತದೆ. ತಟ್ಟೆಗೆ ಸುರಿದ ಮೇಲೂ ನಡುವಿನ ಬಿಸಿ ಬೇಗ ಆರುವುದಿಲ್ಲ. ಹಳೇ ಪದ್ಧತಿಯ ಗೂಡು ಗೂಡಾದ ಮೈಸೂರು ಪಾಕಿನ ಒಡಲು ಕೆಂಪಗೆ, ಮೇಲುಕೆಳಗು ಹಳದಿ ಇರುವುದು ಅದರಿಂದಲೇ. ಬಿಸಿ ಇರುವಾಗಲೇ ಗೀರು ಹಾಕಬೇಕು, ಆರಿದರೆ ಪುಡಿಯಾಗುತ್ತದೆ. ನಮ್ಮ ಮನೆಯಲ್ಲಿ ಹಬ್ಬಕ್ಕೆ ಮಾಡಹೊರಟಾಗಲೆಲ್ಲ ಎಡವಿದ್ದು ಈ ಗಳಿಗೆಯಲ್ಲೇ. ಹಾಗಾಗಿ ಈ ಅಂಗಡಿಯ ಮುಂದೆ ನಿಂತಾಗ ನನಗೆ ಮೊದಲು ಹುಟ್ಟುವುದು ಹಸಿವಲ್ಲ, ಗೌರವ.

2025ರಲ್ಲಿ ಜೈಪುರದ ಕೆಲವು ಮಿಠಾಯಿ ಅಂಗಡಿಗಳು ‘ಪಾಕ್’ ಎಂಬುದು ನೆರೆದೇಶವನ್ನು ನೆನಪಿಸುತ್ತದೆಂದು ಮೈಸೂರು ಪಾಕನ್ನು ‘ಮೈಸೂರು ಶ್ರೀ’ ಎಂದು ಕರೆದವು. ನನಗೆ ನಿಜಕ್ಕೂ ನೋವಾಯಿತು. ಪಾಕವೆಂದರೆ ಬೇಯಿಸಿದ್ದು, ನಮ್ಮ ಅಡುಗೆಮನೆಯಲ್ಲಿ ಬೆಲ್ಲ, ಸಕ್ಕರೆ ಕುದಿದ ಹದ. ಪಾಕಶಾಲೆ, ನಳಪಾಕ ಎನ್ನುವ ನಾಡು ನಮ್ಮದು. ಆ ಹೆಸರಿನಲ್ಲಿ ಮಾಡುವವರ ವಿದ್ಯೆಯೇ ಇದೆ.

ಈ ಅಂಗಡಿ ಇರುವ, ಶತಮಾನ ದಾಟಿದ ದೇವರಾಜ ಮಾರುಕಟ್ಟೆ ಕಟ್ಟಡದ ಒಂದು ಭಾಗ 2016ರಲ್ಲಿ ಕುಸಿಯಿತು. ಕೆಡವಿ ಹೊಸದು ಕಟ್ಟಬೇಕೆ, ದುರಸ್ತಿ ಮಾಡಬೇಕೆ ಎಂಬ ವಾದ ಎದ್ದಿತು. ದುರಸ್ತಿಯೇ ಸರಿ. ಹೂವು, ವೀಳ್ಯದೆಲೆ, ಬಾಳೆಹಣ್ಣಿನ ಸಾಲುಗಳ ಮಗ್ಗುಲಲ್ಲಿ ಬೆಳೆದ ಅಂಗಡಿಗಳಿವು; ಅವುಗಳನ್ನು ಇದ್ದಲ್ಲೇ ಉಳಿಸಿಕೊಡಿ.