ಕಪ್ಪೆಮೀನು: ಹೆಸರು, ರೂಪ ಮತ್ತು ವರ್ಗೀಕರಣ

ಮಳೆಗಾಲದಲ್ಲಿ ತುಮಕೂರಿನ ಅಮಾನಿಕೆರೆಯಲ್ಲಾಗಲಿ, ಗುಬ್ಬಿಯ ಕೆರೆಯಲ್ಲಾಗಲಿ, ಕುಣಿಗಲ್ಲಿನ ದೊಡ್ಡಕೆರೆಯಲ್ಲಾಗಲಿ ದಡದ ನೀರನ್ನು ನಿಟ್ಟಿಸಿದರೆ ಗೊದಮೊಟ್ಟೆಗಳು ಕಾಣಸಿಗುವುದುಂಟು. ಬಾಲವಿದೆ, ಕಿವಿರುಗಳಿವೆ, ಕಾಲುಗಳಿಲ್ಲ. ಮಕ್ಕಳು ಅದನ್ನು ಮರಿಮೀನೆಂದು ಬಗೆದರೆ ಆಶ್ಚರ್ಯವಿಲ್ಲ. ಆದರೆ ಕ್ರಮೇಣ ಅದೇ ಜೀವಿ ಕಪ್ಪೆಯಾಗಿ ದಡಕ್ಕೆ ನೆಗೆಯುತ್ತದೆ. ಇದಕ್ಕೆ ತದ್ವಿರುದ್ಧವಾದ ಜೀವಿಯೊಂದು ಕಡಲಿನಲ್ಲಿದೆ. ನೋಟಕ್ಕೆ ಕಪ್ಪೆ, ನಿಜಕ್ಕೆ ಮೀನು. ಅದೇ ಕಪ್ಪೆಮೀನು.

ಬೆಚ್ಚನೆಯ ಕಡಲುಗಳ ಹವಳದ ದಿಬ್ಬ, ಬಂಡೆ ಮತ್ತು ಪಾಚಿಗಳ ನಡುವೆ ವಾಸಿಸುವ ಈ ಮೀನಿನ ದೇಹ ಗಿಡ್ಡ ಹಾಗೂ ಉರುಟು, ಬಾಯಿ ಅಗಲ. ಮೊಣಕಾಲಿನಂತೆ ಬಾಗಿದ ಜೋಡಿ ಈಜುರೆಕ್ಕೆಗಳನ್ನು ಊರಿ ಅದು ಕಡಲ ತಳದಲ್ಲಿ ನಡೆಯಬಲ್ಲದು. ಬೆನ್ನಿನ ಈಜುರೆಕ್ಕೆಯ ಮೊದಲ ಮುಳ್ಳು ತಲೆಯ ಮೇಲೆ ಗಾಳದ ಕೋಲಾಗಿ ಮಾರ್ಪಟ್ಟಿದೆ. ಅದರ ತುದಿಯ ಎರೆಗೆ ಮರುಳಾಗಿ ಬಂದ ಬೇಟೆಯನ್ನು ಸೆಕೆಂಡಿನ ನೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ ಅವಧಿಯಲ್ಲಿ ಬಾಯೊಳಗೆ ಸೆಳೆದುಕೊಳ್ಳುತ್ತದೆ.

ಆಧುನಿಕ ವರ್ಗೀಕರಣದ ಪಿತಾಮಹನಾದ ಲಿನೇಯಸ್ 1758ರಲ್ಲಿ ಈ ಬಗೆಯ ಮೀನನ್ನು ಮತ್ಸ್ಯಗಳ ವರ್ಗದಲ್ಲಿರಿಸಲಿಲ್ಲ. ಶಾರ್ಕ್ ಹಾಗೂ ತೊರಕೆ ಮೀನುಗಳೊಡನೆ, ಕಪ್ಪೆ, ಹಾವುಗಳಿದ್ದ ಉಭಯಚರ ವರ್ಗಕ್ಕೆ ಸೇರಿಸಿದನು. ಮುಂದೆ 1801ರಲ್ಲಿ ಬ್ಲಾಖ್ ಮತ್ತು ಶ್ನೈಡರ್ ಎಂಬ ವಿದ್ವಾಂಸರು ಭಾರತದ ಚೋಳಮಂಡಲ ತೀರದ ಕಪ್ಪೆಮೀನೊಂದನ್ನು ವರ್ಣಿಸಿ ಹೆಸರಿಟ್ಟರು.

ಹಾಗಾದರೆ ಇದು ಮೀನೆಂಬುದಕ್ಕೆ ಆಧಾರವೇನು? ಕಪ್ಪೆಯ ಕಾಲಿನಲ್ಲಿ ತೊಡೆಯ ಮೂಳೆಯಿದೆ, ಬೆರಳುಗಳಿವೆ. ಕಪ್ಪೆಮೀನಿನ 'ಕಾಲಿ'ನಲ್ಲಿರುವುದು ಈಜುರೆಕ್ಕೆಯ ಕಡ್ಡಿಗಳು. ಗೊದಮೊಟ್ಟೆ ಕಿವಿರನ್ನು ತೊರೆದು ಶ್ವಾಸಕೋಶವನ್ನು ಪಡೆಯುತ್ತದೆ. ಕಪ್ಪೆಮೀನು ಬದುಕಿನುದ್ದಕ್ಕೂ ಕಿವಿರಿನಿಂದಲೇ ಉಸಿರಾಡುತ್ತದೆ. ಆದುದರಿಂದ ಕಶೇರುಕಗಳಲ್ಲಿ ಅದರ ಸ್ಥಾನ ಕೆರೆಯ ಕಾಟ್ಲಾ, ರೋಹುಗಳಂತೆ ಕಡ್ಡಿರೆಕ್ಕೆಯ ಮೀನುಗಳ ವರ್ಗದಲ್ಲಿ. ಗಾಳಹಾಕುವ ಮೀನುಗಳ ಲೋಫಿಫಾರ್ಮೀಸ್ ಗುಂಪಿನೊಳಗೆ ಅದರ ಕುಟುಂಬ ಆಂಟೆನ್ನರಿಡೀ. ಸುಮಾರು 50 ಪ್ರಭೇದಗಳು ಅದರಲ್ಲಿವೆ.

ಅಲ್ಲಿಗೂ ವಿಚಾರ ಮುಗಿಯಲಿಲ್ಲ. 1966ರಲ್ಲಿ ಪ್ರಕಟವಾದ ಪ್ರಸಿದ್ಧ ವರ್ಗೀಕರಣವೊಂದು ದೇಹರಚನೆಯನ್ನು ಆಧರಿಸಿ ಈ ಗುಂಪನ್ನು ಕಾಡ್ ಮೀನುಗಳ ನೆರೆಯಲ್ಲಿರಿಸಿತ್ತು. ಇತ್ತೀಚಿನ ಡಿ.ಎನ್.ಎ. ಅಧ್ಯಯನಗಳಾದರೋ ಅದು ಉಬ್ಬುಮೀನುಗಳಿಗೆ ಹತ್ತಿರದ ಬಂಧುವೆಂದು ತೋರಿಸಿವೆ. ಬದಲಾದದ್ದು ಮೀನಲ್ಲ, ಮಾನವನ ತಿಳಿವಳಿಕೆ.

ವರ್ಗೀಕರಣವೆಂದರೆ ಕಂಠಪಾಠ ಮಾಡಬೇಕಾದ ಹೆಸರುಗಳ ಪಟ್ಟಿಯಲ್ಲ. ಜೀವಿಗಳ ರಕ್ತಸಂಬಂಧವನ್ನು ಸಾಕ್ಷ್ಯಗಳಿಂದ ಅರಸುವ ಕಾರ್ಯ. ಹೊಸ ಸಾಕ್ಷ್ಯ ದೊರೆತಾಗ ಹಿರಿಯರ ತೀರ್ಮಾನವನ್ನೂ ತಿದ್ದುವುದು ಅವರಿಗೆ ಅಗೌರವವಲ್ಲ. ಅವರು ಆರಂಭಿಸಿದ ಕೆಲಸದ ಮುಂದುವರಿಕೆ. ಈ ಪಾಠವನ್ನು ಬೋಧಿಸಲು ಕಡಲತೀರಕ್ಕೆ ಹೋಗಬೇಕಾಗಿಲ್ಲ. ಊರ ಕೆರೆಯ ಗೊದಮೊಟ್ಟೆಯೊಂದನ್ನು ತೋರಿಸಿ, 'ಇದು ಮೀನೇ? ಅಲ್ಲವಾದರೆ ಏಕೆ?' ಎಂದು ಅಧ್ಯಾಪಕರು ಕೇಳಿದರೆ ಸಾಕು. ಉತ್ತರವನ್ನು ಮಕ್ಕಳೇ ಹುಡುಕತೊಡಗುವರು.