ಕುಲುಮೆಗೆ ಬೇಡವಾದ ಕಾಡು

ಭದ್ರಾವತಿಯ ಊದುಕುಲುಮೆ ಹೊತ್ತಿಕೊಂಡದ್ದು 1923ರ ಜನವರಿಯಲ್ಲಿ. ಕಲ್ಲಿದ್ದಲಿನ ಗಣಿಯೇ ಇಲ್ಲದ ಮೈಸೂರು ಸಂಸ್ಥಾನ ಕಬ್ಬಿಣ ಕರಗಿಸಲು ಹೊರಟಾಗ ಅದಕ್ಕೆ ಒದಗಿದ ಉರುವಲು ಮಲೆನಾಡಿನ ಮರ. ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್ ಎಂಬ ಕಾರ್ಖಾನೆಯ ಮೊದಲ ಹೆಸರಿನಲ್ಲಿಯೇ ಕಬ್ಬಿಣಕ್ಕಿಂತ ಮುಂಚೆ ಮರ ಬರುತ್ತದೆ. ಮರವನ್ನು ಗಾಳಿಯಾಡದಂತೆ ಮುಚ್ಚಿ ಕಾಯಿಸಿ ಇದ್ದಿಲು ಮಾಡುವುದು, ಹೊರಬಂದ ಆವಿಯಿಂದ ಮದ್ಯಸಾರ, ಡಾಂಬರು ತೆಗೆಯುವುದು, ಉಳಿದ ಇದ್ದಿಲಿನಿಂದ ಅದಿರನ್ನು ಕರಗಿಸುವುದು ಅಲ್ಲಿನ ಕ್ರಮ. ಸುಣ್ಣಕಲ್ಲು ಭಂಡಿಗುಡ್ಡದಿಂದ ಬರುತ್ತಿತ್ತು. ಅದಿರು ಬರುತ್ತಿದ್ದುದು ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯಿಂದ. ರೋಪ್‌ವೇ ತೊಟ್ಟಿಲುಗಳಲ್ಲಿ ತಣಿಗೆಬೈಲಿಗೆ ಇಳಿದ ಅದಿರು ಅಲ್ಲಿಂದ ಟ್ರಾಮ್ ಹಳಿಯ ಮೇಲೆ ಸಾಗುತ್ತಿತ್ತು. ಹಳೆಯ ಕಾಗದಪತ್ರಗಳಲ್ಲಿ ಈ ಸಂಗತಿಗಳನ್ನು ಹುಡುಕುವವರು ‘ಕಡೂರು ಜಿಲ್ಲೆ’ ಎಂಬ ಶೀರ್ಷಿಕೆಯಡಿ ನೋಡಬೇಕು, 1947ರವರೆಗೆ ಚಿಕ್ಕಮಗಳೂರು ಜಿಲ್ಲೆಗೆ ಇದ್ದ ಹೆಸರು ಅದೇ.

ಬೆಟ್ಟದ ನೆತ್ತಿಯನ್ನು ಗಣಿಗೂ ಅಡಿಯ ಕಣಿವೆಗಳನ್ನು ಇದ್ದಿಲಿಗೂ ಒಪ್ಪಿಸಿದ ಆ ಏರ್ಪಾಡಿನ ನಡುವೆ ಒಂದು ಕಾಡು ಉಳಿದುಬಂತು. ಕೆಮ್ಮಣ್ಣುಗುಂಡಿಯನ್ನೂ ಒಳಗೊಂಡ ಬಾಬಾಬುಡನ್ ಬೆಟ್ಟಸಾಲಿನ ಮಡಿಕೆ ಮಡಿಕೆಗಳಲ್ಲಿ, ಹುಲ್ಲು ಹೊದ್ದ ಇಳಿಜಾರುಗಳ ನಡುವಿನ ಕೊರಕಲುಗಳಲ್ಲಿ ಕಪ್ಪಗೆ ಒತ್ತಾಗಿ ನಿಂತಿರುವ ಶೋಲಾ ಕಾಡು ಅದು. ಇಲ್ಲಿ ಮರಗಳು ಕುಳ್ಳು, ಕೊಂಬೆಗಳು ಡೊಂಕು, ಕಾಂಡದ ತುಂಬ ಪಾಚಿ ಮತ್ತು ಸೀತಾಳೆ. ನೇರಳೆಯ, ದಾಲ್ಚಿನ್ನಿಯ, ರುದ್ರಾಕ್ಷಿಯ ಬಳಗಕ್ಕೆ ಸೇರಿದ ಮರಗಳೇ ಆದರೂ ಗಾಳಿಗೆ ಬೆದರಿ ತಲೆ ತಗ್ಗಿಸಿದಂತೆ ಬೆಳೆದಿವೆ. ಕುಲುಮೆಗೆ ಬೇಕಾಗಿದ್ದು ಟ್ರಾಮ್ ಹಳಿಯ ಹತ್ತಿರ ಸಿಗುವ, ನೇರವಾಗಿ ಕಡಿದು ಒಟ್ಟಬಹುದಾದ ದಪ್ಪ ಮರ. ಕಡಿದಾದ ಕೊರಕಲಿನಿಂದ ಡೊಂಕು ಕೊಂಬೆಗಳನ್ನು ಹೊತ್ತು ತರುವುದು ಯಾವ ಲೆಕ್ಕಕ್ಕೂ ಗಿಟ್ಟುವ ಕೆಲಸವಾಗಿರಲಾರದು. ಶೋಲಾ ಉಳಿದದ್ದಕ್ಕೆ ಯಾರ ದೂರದೃಷ್ಟಿಯನ್ನೂ ಹೊಗಳಬೇಕಾಗಿಲ್ಲ ಎಂದೇ ನನ್ನ ಊಹೆ. 1950ರ ದಶಕದಲ್ಲಿ ಜೋಗದ ವಿದ್ಯುತ್ತಿನಿಂದ ನಡೆಯುವ ಕುಲುಮೆಗಳು ಬಂದವು, ಇದ್ದಿಲಿನ ಹಸಿವು ಇಳಿಯಿತು. ಈ ಶತಮಾನದ ಮೊದಲ ದಶಕದಲ್ಲಿ ಕೆಮ್ಮಣ್ಣುಗುಂಡಿಯ ಗಣಿಯೂ ನಿಂತಿತು. ಸ್ವಂತ ಗಣಿಯಿಲ್ಲದೆ ಸೊರಗಿದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿದ್ದದ್ದು 2023ರ ಜನವರಿಯಲ್ಲಿ, ಕುಲುಮೆ ಹೊತ್ತಿಕೊಂಡ ಸರಿಯಾಗಿ ನೂರು ವರ್ಷಕ್ಕೆ.

ಆದರೆ ಕೊಡಲಿಯಿಂದ ಪಾರಾದ ಈ ಕಾಡನ್ನು ನಾವು ಅರ್ಥ ಮಾಡಿಕೊಂಡಿದ್ದೇವೆಯೇ? ಇಲ್ಲ ಎಂಬುದೇ ನನ್ನ ವಾದ. ಶೋಲಾವನ್ನು ‘ಕಾಡು’ ಎಂದೂ ಅದರ ಸುತ್ತಲಿನ ಹುಲ್ಲನ್ನು ‘ಕಾಡು ಹಾಳಾದ ಜಾಗ’ ಎಂದೂ ಬಗೆದದ್ದರಲ್ಲಿಯೇ ತಪ್ಪು ಶುರುವಾಯಿತು. ಇಡೀ ಬೆಟ್ಟದ ಲೆಕ್ಕ ಬಂಡೆಯಿಂದ ಆರಂಭವಾಗುತ್ತದೆ. ಬಾಬಾಬುಡನ್ ಸಾಲು 250 ಕೋಟಿ ವರ್ಷಗಳಿಗೂ ಹಳೆಯದಾದ, ಕಬ್ಬಿಣ ತುಂಬಿದ ಪಟ್ಟೆಕಲ್ಲಿನ ಬೆಟ್ಟ. ಈ ಕಲ್ಲು ಸುಲಭಕ್ಕೆ ಸವೆಯುವುದಿಲ್ಲ, ಹಾಗಾಗಿಯೇ ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಇಲ್ಲಿದೆ. ಸವೆಯದ ಕಲ್ಲಿನ ಮೇಲೆ ಮಣ್ಣು ತೆಳುವು. ಏಣುಗಳ ಮೇಲೆ ಬಿದ್ದ ಮಳೆ ನಿಲ್ಲದೆ ಇಳಿದುಹೋಗುತ್ತದೆ, ಮುಂಗಾರಿನ ಗಾಳಿ ಅಲ್ಲಿ ಮರದ ಸಸಿಗೆ ನೆಲೆ ಕೊಡುವುದಿಲ್ಲ, ಡಿಸೆಂಬರಿನಿಂದ ಏಪ್ರಿಲಿನವರೆಗೆ ಬಿಸಿಲು ಒಣಗಿಸುತ್ತದೆ. ಕೊಚ್ಚಿಹೋದ ಮಣ್ಣೂ ಇಂಗಿದ ನೀರೂ ಸೇರುವುದು ಕೊರಕಲಿನಲ್ಲಿ. ಅಲ್ಲಿ ಮರ, ಏಣಿನಲ್ಲಿ ಹುಲ್ಲು. ಶೋಲಾ ಮರದ ಸಸಿಗೆ ನೆರಳು ಬೇಕು, ಬಯಲಿನ ಬಿಸಿಲಿಗೆ ಅದು ಬಾಡುತ್ತದೆ. ಹುಲ್ಲಿಗೆ ಬಿಸಿಲು ಬೇಕು, ಮರದಡಿಯಲ್ಲಿ ಅದು ಬದುಕುವುದಿಲ್ಲ. ಹೀಗೆ ಎರಡೂ ಒಂದರ ಗಡಿಯನ್ನು ಒಂದು ಮೀರದೆ ನಿಂತಿವೆ.

ಬೆಟ್ಟದ ಕಲ್ಲು ಮತ್ತು ಗಾಳಿ ಸೇರಿ ಒಂದು ಕಾಡನ್ನು ಇಷ್ಟು ಇಕ್ಕಟ್ಟಿನ ಜಾಗದಲ್ಲಿ ಉಳಿಸಿಕೊಳ್ಳುವುದು ಜಗತ್ತಿನ ಬೇರೆಡೆಯೂ ಉಂಟು. ಸ್ಪೇನಿನ ದಕ್ಷಿಣದಲ್ಲಿ ಗ್ರಾಸಲೇಮಾ ಎಂಬ ಸುಣ್ಣಕಲ್ಲಿನ ಬೆಟ್ಟಸೀಮೆಯಿದೆ. ಅಟ್ಲಾಂಟಿಕ್ ಸಾಗರದ ಮೋಡಗಳನ್ನು ತಡೆದು ಆ ದೇಶದಲ್ಲಿಯೇ ಅತಿ ಹೆಚ್ಚು ಮಳೆ ಪಡೆಯುವ ಜಾಗಗಳಲ್ಲಿ ಅದೂ ಒಂದು. ಹಿಮಯುಗದ ಶೇಷವೆನಿಸಿದ ಪಿನ್ಸಾಪೋ ಎಂಬ ಫರ್ ಮರದ ಅಪರೂಪದ ಕಾಡುಗಳು ಅಲ್ಲಿ ಬಿಸಿಲು ನೇರವಾಗಿ ತಾಗದ ಉತ್ತರದ ಇಳಿಜಾರುಗಳಿಗೆ ಅಂಟಿಕೊಂಡು ಬದುಕಿವೆ. 1837ರಲ್ಲಿ ಅದನ್ನು ಗುರುತಿಸಿದ ಸಸ್ಯವಿಜ್ಞಾನಿ ಬ್ವಾಸಿಯೇ ಇಂದು ಬಂದರೂ ಆ ಮರವನ್ನು ಅಂಥದೇ ಇಳಿಜಾರುಗಳಲ್ಲಿ ಹುಡುಕಬೇಕು. ಪಕ್ಕದ ಬೋಳು ಸುಣ್ಣಕಲ್ಲನ್ನು ಯಾರೂ ಹಾಳುಬಿದ್ದ ಫರ್ ಕಾಡು ಎನ್ನಲಾರರು. ನಮ್ಮ ಬೆಟ್ಟದ ಹುಲ್ಲಿಗೆ ಮಾತ್ರ ಆ ಮರ್ಯಾದೆ ಸಿಕ್ಕಿಲ್ಲ.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ, ಅದನ್ನು ತಳ್ಳಿಹಾಕಬಾರದು. ಹುಲ್ಲುಗಾವಲು ಮನುಷ್ಯನೇ ಮಾಡಿದ್ದು, ದನಗಾಹಿಗಳು ತಲೆತಲಾಂತರದಿಂದ ಬೆಂಕಿಯಿಟ್ಟು ಮೇಯಿಸಿದ್ದರಿಂದ ಶೋಲಾ ಕೊರಕಲಿಗೆ ಹಿಮ್ಮೆಟ್ಟಿತು, ಬೆಂಕಿ ನಿಲ್ಲಿಸಿ ಸಸಿ ನೆಟ್ಟರೆ ಕಾಡು ಮರಳುತ್ತದೆ ಎಂಬುದು ಆ ವಾದ. ಬಹಳ ಕಾಲ ಅರಣ್ಯ ಪಂಡಿತರಲ್ಲಿ ಹೆಚ್ಚಿನವರು ನಂಬಿದ್ದು ಇದನ್ನೇ. ಇದನ್ನು ಅಲುಗಾಡಿಸಿದ್ದು ನೀಲಗಿರಿಯ ಜೌಗು ಮಣ್ಣು. ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ಆ ಮಣ್ಣಿನ ಪದರಗಳಲ್ಲಿ ಉಳಿದ ಇಂಗಾಲವನ್ನು ಪರೀಕ್ಷಿಸಿ 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಉಷ್ಣವಲಯದ ಹುಲ್ಲು ಬಿಟ್ಟುಹೋಗುವ ಇಂಗಾಲದ ಗುರುತು ಬೇರೆ, ಮರ ಬಿಟ್ಟುಹೋಗುವ ಗುರುತು ಬೇರೆ. ಸುಮಾರು 20,000 ವರ್ಷಗಳ ಹಿಂದೆ, ಹವೆ ಒಣಗಿದ್ದ ಹಿಮಯುಗದಲ್ಲಿ, ಹುಲ್ಲಿನದೇ ಮೇಲುಗೈಯಾಗಿತ್ತು. ಮಳೆ ಹೆಚ್ಚಿದಾಗ ಕಾಡು ಹಿಗ್ಗಿತು, ಕುಗ್ಗಿದಾಗ ಹುಲ್ಲು ಹಬ್ಬಿತು. ಮನುಷ್ಯನ ಕೊಡಲಿಗೆ ಬಹಳ ಮುಂಚಿನ ಮಾತು ಇದು. ನೀಲಗಿರಿಯ ಪುರಾವೆಯನ್ನು ಬಾಬಾಬುಡನ್‌ಗೆ ಹಾಗೆಹಾಗೇ ಹೊರಿಸಬಹುದೇ ಎಂದು ಕೇಳಿದರೆ, ಪೂರ್ತಿಯಾಗಿ ಆಗದು ಎಂದು ಒಪ್ಪುತ್ತೇನೆ. ಇಲ್ಲಿ ಎತ್ತರ ಕಡಿಮೆ, ಬೆಂಕಿಯ ಪಾಲೂ ದೊಡ್ಡದಿರಬಹುದು. ಆದರೆ ಕುರಿಂಜಿಯ ಸಾಕ್ಷಿ ಇದೆ. 2022ರಲ್ಲಿ ಈ ಇಳಿಜಾರುಗಳನ್ನೆಲ್ಲ ನೀಲಿಯಾಗಿಸಿದ ಆ ಗಿಡ ವರ್ಷಗಟ್ಟಲೆ ಕಾದು ಒಮ್ಮೆ ಹೂಬಿಟ್ಟು ಸಾಯುವಂಥದು, ಬೆಳೆಯುವುದು ತೆರೆದ ಹುಲ್ಲುಬೆಟ್ಟದಲ್ಲಿ. ಇಂಥ ಬದುಕಿನ ಕ್ರಮವನ್ನು ಒಂದು ಗಿಡ ರೂಢಿಸಿಕೊಳ್ಳಲು ಕೆಲವು ಶತಮಾನಗಳ ದನ ಮೇಯಿಸುವಿಕೆ ಸಾಲದು.

ಎರಡನೆಯ ಆಕ್ಷೇಪ ನೀರಿನದು, ಕಡೂರಿನವರ ಪಾಲಿಗೆ ಅದೇ ಮುಖ್ಯ. ಮರ ಹೆಚ್ಚಿದರೆ ಮಳೆ, ಮಳೆ ಬಂದರೆ ಕೆರೆ ತುಂಬೀತು ಎಂಬ ನಂಬಿಕೆ ಊರೂರಲ್ಲಿದೆ. ಈ ಬೆಟ್ಟದ ಪೂರ್ವದ ನೀರು ಎಲ್ಲಿಗೆ ಹೋಗುತ್ತದೆ ನೋಡಿ. ವೇದಾ ಹಳ್ಳ ಸಖರಾಯಪಟ್ಟಣದ ಅಯ್ಯನಕೆರೆಯನ್ನೂ ಅವತಿ ಹಳ್ಳ ಮದಗದ ಕೆರೆಯನ್ನೂ ತುಂಬಿಸಿ, ಮುಂದೆ ಕೂಡಿ ವೇದಾವತಿಯಾಗಿ ಹಿರಿಯೂರಿನ ವಾಣಿವಿಲಾಸ ಸಾಗರ ಸೇರುತ್ತವೆ. ಪಶ್ಚಿಮದ ನೀರು ಸೋಮವಾಹಿನಿಯ ಮೂಲಕ ಭದ್ರೆಗೆ ಹೋಗುತ್ತದೆ. ಬೇಸಿಗೆಯಲ್ಲಿಯೂ ಹಳ್ಳಗಳಿಗೆ ಜೀವ ಕೊಡುವುದು ಕೊರಕಲಿನ ಶೋಲಾ, ಅದಕ್ಕೆ ಮೇಲಿನಿಂದ ನೀರು ಒದಗಿಸುವುದು ಹುಲ್ಲಿನ ಇಳಿಜಾರು. ಆ ಇಳಿಜಾರಿನಲ್ಲಿ ನೀಲಗಿರಿ, ಅಕೇಶಿಯ ಮರಗಳನ್ನು ನೆಟ್ಟರೆ ಅವು ಹುಲ್ಲಿಗಿಂತ ಆಳಕ್ಕೆ ಬೇರಿಳಿಸಿ ವರ್ಷವಿಡೀ ನೀರು ಹೀರುತ್ತವೆ, ಕೆಳಗಿನ ಹಳ್ಳಕ್ಕೆ ಸಿಗುವುದು ಕಡಿಮೆಯಾಗುತ್ತದೆ. ಇತ್ತ ಭದ್ರೆಯ ನೀರನ್ನು ತರೀಕೆರೆಯ ಬಳಿ ಮೇಲೆತ್ತಿ, ಅಜ್ಜಂಪುರದ ಹತ್ತಿರ ಸುಮಾರು 7 ಕಿಲೋಮೀಟರ್ ಸುರಂಗ ಕೊರೆದು ಬಯಲುಸೀಮೆಗೆ ಒಯ್ಯುತ್ತಿದ್ದೇವೆ. ಅಷ್ಟು ಹಣ ಸುರಿಯುವ ಸರ್ಕಾರಕ್ಕೆ ಬೆಟ್ಟದ ತಲೆಯ ಹುಲ್ಲು ನೀರಾವರಿಯ ಭಾಗವಾಗಿ ಕಾಣದಿರುವುದು ಸಂಕಟದ ವಿಷಯ.

ಹುಲ್ಲನ್ನು ಬೆಲೆಯಿಲ್ಲದ್ದೆಂದು ಕಾಣುವ ಈ ಕಣ್ಣು ಬೆಟ್ಟದ ಮೇಲಷ್ಟೇ ಇಲ್ಲ. ಇದೇ ಸೀಮೆಯಲ್ಲಿ ಅಮೃತಮಹಲ್ ತಳಿಯ ದನಗಳ ಮೇವಿಗೆಂದು ಇದ್ದ ಹುಲ್ಲಿನ ಕಾವಲುಗಳೂ ಅದಕ್ಕೆ ಬಲಿಯಾಗಿವೆ. ಅಜ್ಜಂಪುರದಲ್ಲಿ 1929ರಿಂದ ತಳಿ ಸಂವರ್ಧನಾ ಕೇಂದ್ರವಿದ್ದೂ ಕಾವಲುಗಳು ತುಂಡುತುಂಡಾದವು. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಕೃಷ್ಣಮೃಗಗಳಿಗಾಗಿ ಸಂರಕ್ಷಿತ ಮೀಸಲೆಂದು ಘೋಷಿಸಿದ್ದು ಒಂದು ಒಳ್ಳೆಯ ಅಪವಾದ. ಹುಲ್ಲನ್ನು ಹುಲ್ಲಾಗಿಯೇ ಕಾಪಾಡುವುದು ಕಾನೂನಿನಡಿ ಸಾಧ್ಯ ಎಂಬುದಕ್ಕೆ ಇದೇ ತಾಲ್ಲೂಕಿನ ಪುರಾವೆ ಸಾಕು. ಬಯಲಿನಲ್ಲಿ ಆದದ್ದು ಬೆಟ್ಟದಲ್ಲಿ ಆಗಬಾರದೇಕೆ? ಬೆಂಕಿಯ ಮಾತೆತ್ತುವವರಿಗೂ ಒಂದು ಉತ್ತರವಿದೆ. ಪ್ರತಿವರ್ಷ ಫೆಬ್ರವರಿ, ಮಾರ್ಚ್‌ನಲ್ಲಿ ಬೀಳುವ ಬೆಂಕಿಯನ್ನು ತಡೆಯಲೇಬೇಕು, ಏಕೆಂದರೆ ಅದು ಶೋಲಾದ ಅಂಚನ್ನು ಸುಟ್ಟು ಒಳಗೆ ನುಗ್ಗುತ್ತದೆ. ಆದರೆ ಬೆಂಕಿ ತಡೆಯುವುದು ಒಂದು ಕೆಲಸ, ಹುಲ್ಲಿನ ಮೇಲೆ ಗುಂಡಿ ತೋಡಿ ಸಸಿ ನೆಡುವುದು ಬೇರೆಯೇ ಕೆಲಸ.

ಕೆಮ್ಮಣ್ಣುಗುಂಡಿಗೆ ಬರುವವರು ನೋಡಿ ಹೋಗುವುದು ಗುಲಾಬಿ ತೋಟ ಮತ್ತು ಝಡ್ ಪಾಯಿಂಟ್. ತೋಟದ ಬೇಲಿಯಾಚೆ ನೀಲಗಿರಿ ಕಾಡುಪಾರಿವಾಳ ಹಣ್ಣು ತಿಂದು ಬೀಜ ಹರಡುವ ಶೋಲಾ ಇದೆ. ಇಡೀ ಬೆಟ್ಟಸಾಲನ್ನು ಪಕ್ಷಿಗಳ ಮುಖ್ಯ ನೆಲೆಯೆಂದು ಜಗತ್ತು ಗುರುತಿಸಿದ್ದು ಆ ಶೋಲಾ ಮತ್ತು ಹುಲ್ಲಿನಿಂದ, ಗುಲಾಬಿಯಿಂದಲ್ಲ. ಮುಂದಿನ ಜುಲೈನ ವನಮಹೋತ್ಸವಕ್ಕೆ ಸಸಿ ಹಂಚುವ ಶಾಲೆಗಳು, ಸಂಘಸಂಸ್ಥೆಗಳು ಮತ್ತು ಅರಣ್ಯ ಇಲಾಖೆಯವರಲ್ಲಿ ಒಂದು ವಿನಂತಿ: ತರೀಕೆರೆಯ ಬೀದಿಗಳಲ್ಲಿ, ಕಡೂರಿನ ಕೆರೆ ಏರಿಯ ಕೆಳಗೆ, ಹೊಲದ ಬದುಗಳಲ್ಲಿ ಎಷ್ಟು ಬೇಕೋ ಅಷ್ಟು ನೆಡಿ. ಬಾಬಾಬುಡನ್ ಸಾಲಿನ ಹುಲ್ಲಿನ ಮೇಲೆ ಒಂದೇ ಒಂದು ಸಸಿಯನ್ನೂ ನೆಡಬೇಡಿ.