ಬಣ್ಣಕ್ಕೆ ಮೊದಲು ಜಲಾಂತರ್ಗಾಮಿಗೆ ಸ್ನಾನ

ವಿಶಾಖಪಟ್ಟಣದ ರಾಮಕೃಷ್ಣ ಬೀಚಿನಲ್ಲಿ ಐಎನ್‌ಎಸ್ ಕುರ್ಸುರಾ ಎಂಬ ನಿಜವಾದ ಜಲಾಂತರ್ಗಾಮಿಯನ್ನು ಮ್ಯೂಸಿಯಂ ಮಾಡಿ ಇಟ್ಟಿದ್ದಾರೆ. 1969ರಿಂದ 2001ರವರೆಗೆ ನಮ್ಮ ನೌಕಾಪಡೆಯಲ್ಲಿ ದುಡಿದದ್ದು ಅದು. ಉದ್ದ 91 ಮೀಟರು. ಒಳಹೊಕ್ಕು ನೋಡಿ ಬಂದಾಗಿನಿಂದ ನನ್ನ ಮೊಮ್ಮಗಳಿಗೆ ಅದೇ ಬಗೆಯ ಮಾದರಿ ಕಟ್ಟುವ ಹುಚ್ಚು. ನಮ್ಮ ಮಾದರಿ ನಿಜದ್ದರ 350ರಲ್ಲಿ ಒಂದು ಪಾಲು. ಅಂದರೆ 26 ಸೆಂಟಿಮೀಟರು, ಅವಳ ಶಾಲೆಯ ಸ್ಕೇಲಿಗಿಂತ ಚಿಕ್ಕದು.

ಪೆಟ್ಟಿಗೆ ತೆರೆದ ಕೂಡಲೇ ಅವಳ ಕೈ ಅಂಟಿನ ಟ್ಯೂಬಿಗೆ ಹೋಯಿತು. ನಾನು ಬೋಗುಣಿ ತಂದಿಟ್ಟೆ.

“ಹೊಸ ಸಾಮಾನನ್ನ ಯಾಕೆ ತೊಳೀಬೇಕು ತಾತ?”

ಇಡ್ಲಿ ತಟ್ಟೆಗೆ ಅಜ್ಜಿ ಎಣ್ಣೆ ಸವರುವುದು ಯಾಕೆ? ಇಡ್ಲಿ ಅಂಟದೆ ಎದ್ದು ಬರಲಿ ಎಂದು. ಭಾಗಗಳು ಅಚ್ಚಿನಿಂದ ಸಲೀಸಾಗಿ ಬಿಡಲೆಂದು ಕಾರ್ಖಾನೆಯವರೂ ಹಾಗೇ ಏನಾದರೂ ಸವರುತ್ತಾರೆ. ಆ ಜಿಡ್ಡು ಉಳಿದರೆ ಅಂಟು ಸರಿಯಾಗಿ ಹಿಡಿಯದು, ಬಣ್ಣ ಸಿಪ್ಪೆಯಂತೆ ಎದ್ದೀತು. ರೆಸಿನ್ ಭಾಗಗಳ ಮೇಲಂತೂ ಜಿಡ್ಡು ಹೆಚ್ಚು. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು ಎರಡು ಹನಿ, ಹಳೆಯ ಟೂತ್‌ಬ್ರಷ್ಷು ಸಾಕು. ಕೆಳಗೆ ಟೀ ಸೋಸುವ ಜಾಲರಿ ಹಿಡಿಯಿರಿ. ಪೆರಿಸ್ಕೋಪು ಮೋರಿ ಸೇರಿದರೆ ಮತ್ತೆ ಸಿಗುವುದಿಲ್ಲ.

ನಮ್ಮ ಮಾದರಿಯ ಒಡಲು ಪ್ಲಾಸ್ಟಿಕ್ಕು, ಮೂರು ಪ್ರೊಪೆಲ್ಲರು ರೆಸಿನ್ನು. ಪ್ಲಾಸ್ಟಿಕ್ಕಿನ ಅಂಟು ಎರಡೂ ಅಂಚನ್ನು ತುಸು ಕರಗಿಸಿ ಬೆಸೆಯುತ್ತದೆ. ರೆಸಿನ್ ಅದಕ್ಕೆ ಕರಗದು, ಫೆವಿಕ್ವಿಕ್‌ನಂಥದ್ದು ಬೇಕು. ಅದು ದೊಡ್ಡವರ ಕೈಯಲ್ಲೇ ಇರಲಿ, ಬ್ಲೇಡೂ ಅಷ್ಟೆ. ಬಾಗಿದ ರೆಸಿನ್ ಭಾಗ ಬಿಸಿನೀರಿನಲ್ಲಿ ಮೆತ್ತಗಾಗುತ್ತದೆ. ಮೆಲ್ಲಗೆ ನೇರ ಮಾಡಿ ತಣ್ಣೀರಿಗೆ ಅದ್ದಿದರೆ ಹಾಗೇ ನಿಲ್ಲುತ್ತದೆ. ಮೊಮ್ಮಗಳಿಗೆ ಇದು ಮ್ಯಾಜಿಕ್ಕು.

ನನ್ನ ಚಿಂತೆಯೆಲ್ಲ ಉಜ್ಜುವ ಕೆಲಸದ್ದು. ರೆಸಿನ್ ಧೂಳು ತೀರ ನವಿರು, ಉಸಿರಿನೊಂದಿಗೆ ಎದೆಗಿಳಿಯುತ್ತದೆ. ನಮ್ಮ ಹುಡುಗಿಗೋ ಉಬ್ಬಸ. ಚಳಿ ಬಂತೆಂದರೆ ಇನ್‌ಹೇಲರ್ ಹತ್ತಿರವೇ ಇರಬೇಕು. ಈ ಆಟವೇ ಬೇಡ ಎನ್ನಲು ಬಾಯಿ ಬರಲಿಲ್ಲ. ಕೆಲಸ ಹಂಚಿಕೊಂಡೆವು. ರೆಸಿನ್ ಉಜ್ಜುವುದು ನಾನು, ಹಿತ್ತಿಲಲ್ಲಿ, ಮಾಸ್ಕ್ ಹಾಕಿ, ನೀರಿನಲ್ಲಿ ಅದ್ದಿ ಅದ್ದಿ. ಪ್ಲಾಸ್ಟಿಕ್ ಒಡಲು ಅವಳ ಪಾಲಿಗೆ, ಅದೂ ಒದ್ದೆಯಾಗಿಯೇ. ಹಾರ್ಡ್‌ವೇರ್ ಅಂಗಡಿಯಲ್ಲಿ ‘ವಾಟರ್ ಪೇಪರ್’ ಕೇಳಿ. ಮೊದಲು 400ನೇ ನಂಬರು, ಆಮೇಲೆ 600. ನೀರಿದ್ದರೆ ಧೂಳು ಹಾರದೆ ಕೆಸರಾಗುತ್ತದೆ. ಆ ಕೆಸರು ಒಣಗಿದರೆ ಮತ್ತೆ ಧೂಳೇ, ಆದ್ದರಿಂದ ಒದ್ದೆ ಬಟ್ಟೆಯಿಂದ ಆಗಲೇ ಒರೆಸಿಬಿಡಬೇಕು.

ಒಡಲಿನ ಎರಡು ಹೋಳು ಕೂಡಿದ ಗೆರೆಯ ಮೇಲೆ ಅವಳು ಕಣ್ಣುಮುಚ್ಚಿ ಉಗುರು ಎಳೆಯುತ್ತಾಳೆ. ತಡೆದರೆ ಇನ್ನೊಂದು ಸುತ್ತು. ನಿನ್ನೆಗೆ ಏಳು ಸುತ್ತು ಮುಗಿದವು. ನನ್ನ ಕಣ್ಣಿಗೆ ಗೆರೆ ಕಾಣುವುದೇ ಇಲ್ಲ.

“ಇಲ್ಲ ತಾತ, ಬಾಲದ ಹತ್ರ ಇನ್ನೂ ತಡೀತಿದೆ.”